ಶಿಲೆ ಯೋಧನಾದ ಕಥೆ: ಇಂಕಾ–ಚಂಕಾ ಯುದ್ಧದ ಐತಿಹ್ಯವೂ ಅನಿಮೇಷನ್ ಚಿತ್ರವೂ

೧

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಶ್ರೇಣಿಯಲ್ಲಿ ಹದಿನೈದನೆಯ ಶತಮಾನದಲ್ಲಿ ಬೆಳೆದು ಹದಿನಾರನೆಯ ಶತಮಾನದಲ್ಲಿ ಸ್ಪೇನ್ ದೇಶದವರ ವಶವಾದ ಇಂಕಾ ಸಾಮ್ರಾಜ್ಯದ ಉದಯವನ್ನು ವಿವರಿಸುವ ಐತಿಹ್ಯಗಳಲ್ಲಿ ಪುರುರೌಕರ ಕಥೆಗೆ ಮುಖ್ಯವಾದ ಸ್ಥಾನವುಂಟು. ಪಶ್ಚಿಮದಿಂದ ಚಂಕಾ ಜನರ ದಂಡು ಕುಸ್ಕೊ ನಗರದ ಮೇಲೆ ಏರಿಬಂದಿತು. ವೃದ್ಧನಾದ ಅರಸನು ನಗರವನ್ನು ಬಿಟ್ಟುಹೋದನು. ರಾಜಕುಮಾರನೊಬ್ಬನು ಅಲ್ಪಸೈನ್ಯದೊಡನೆ ಎದುರಾಗಿ ನಿಂತನು. ಸೋಲು ಸಮೀಪಿಸಿದಾಗ ಬಯಲಿನ ಕಲ್ಲುಗಳೆದ್ದು ಯೋಧರಾಗಿ ಹೋರಾಡಿದುವು. ಗೆಲವು ದೊರೆತ ಮೇಲೆ ಆ ಯೋಧರು ಮತ್ತೆ ಕಲ್ಲಾದರು. ಆ ಕಲ್ಲುಗಳಿಗೆ ಪುರುರೌಕ ಎಂದು ಹೆಸರು.

ಅನಿಮೇಷನ್ ಎಂಬ ಶಬ್ದದ ಮೂಲದಲ್ಲಿರುವುದು ಪ್ರಾಣ, ಉಸಿರು ಎಂಬ ಅರ್ಥದ ಲ್ಯಾಟಿನ್ ಪದ. ನಿರ್ಜೀವವಾದ ರೇಖೆಯನ್ನೋ ಮಣ್ಣಿನ ಬೊಂಬೆಯನ್ನೋ ಚಿತ್ರಚಿತ್ರಕ್ಕೂ ಕೂದಲೆಳೆಯಷ್ಟು ಸರಿಸಿ, ಸೆಕೆಂಡಿಗೆ ೨೪ ಚಿತ್ರಗಳಂತೆ ತೋರಿಸಿ, ಅದಕ್ಕೆ ಜೀವವಿದೆಯೆಂಬ ಭ್ರಮೆಯನ್ನು ಹುಟ್ಟಿಸುವುದೇ ಈ ಕಲೆಯ ಮೂಲತಂತ್ರ. ಹೀಗಿರಲು, ಕಲ್ಲು ಎದ್ದು ಯೋಧನಾಗುವ ಕಥೆಗಿಂತ ಈ ಮಾಧ್ಯಮಕ್ಕೆ ಒಪ್ಪುವ ವಸ್ತು ಬೇರೊಂದಿರಲಾರದೆಂದು ಯಾರಿಗಾದರೂ ತೋರುವುದು ಸಹಜ. ಹತ್ತು ಹನ್ನೆರಡು ನಿಮಿಷಗಳ ಒಂದು ಕಿರುಚಿತ್ರಕ್ಕೆ ಬೇಕಾದ ಆದಿ, ಮಧ್ಯ, ಅಂತ್ಯಗಳು ಇದರಲ್ಲಿ ಸಿದ್ಧವಾಗಿಯೇ ಇವೆ.

ಪ್ರಕೃತ ಲೇಖನದ ವಾದವಿಷ್ಟೆ: ಈ ಹೊಂದಿಕೆಯೇ ಅಪಾಯಕ್ಕೂ ಕಾರಣವಾಗಬಲ್ಲುದು. ಕಲ್ಲು ಏಳುವ ಅದ್ಭುತವನ್ನು ತೋರಿಸಿ ಮುಗಿಸುವ ಚಿತ್ರವು ಐತಿಹ್ಯದ ಅರ್ಧವನ್ನು ಮಾತ್ರ ತೋರಿಸಿದಂತಾಗುವುದು. ಯೋಧರು ಮತ್ತೆ ಕಲ್ಲಾದರು. ಆ ಕಲ್ಲುಗಳು ಯಾವುವೆಂದು ಗುರುತಿಸಿದವನು ಅರಸ. ಹಾಗೆ ಗುರುತಿಸಲ್ಪಟ್ಟ ಕಲ್ಲುಗಳು ಮುಂದಿನ ಯುದ್ಧಗಳಲ್ಲಿ ಆಯುಧಗಳಾದುವು. ಉಳಿದ ಈ ಅರ್ಧದಲ್ಲಿಯೇ ಚರಿತ್ರೆ ಇರುವುದು. ಇಂದಿನ ನಮ್ಮ ಕಾಲೇಜು ವಿದ್ಯಾರ್ಥಿಗಳಲ್ಲಿ ಹಲವರಿಗೆ ಇಂಕಾ ಜನರ ಮೊದಲ ಪರಿಚಯವಾಗುವುದು ಪಠ್ಯಪುಸ್ತಕದಿಂದಲ್ಲ, ಇಂಥ ಚಿತ್ರಗಳಿಂದ. ಆದುದರಿಂದ ಈ ವಿಷಯವು ಕೇವಲ ಕಲಾವಿಮರ್ಶೆಗೆ ಸೇರಿದ್ದಲ್ಲ. ಇತಿಹಾಸದ ಬೋಧನೆಗೂ ಸೇರಿದ್ದು. ಮೊದಲು ಐತಿಹ್ಯದ ಆಧಾರಗಳನ್ನೂ ಬಳಿಕ ಚಿತ್ರಗಳನ್ನೂ ಪರೀಕ್ಷಿಸೋಣ.

೨

ಇಂಕಾ ಜನರಿಗೆ ನಾವು ತಿಳಿದ ರೀತಿಯ ಲಿಪಿಯಿರಲಿಲ್ಲ. ಕ್ವಿಪು ಎಂಬ ಗಂಟುಹಗ್ಗಗಳಲ್ಲಿ ಅವರು ಲೆಕ್ಕಗಳನ್ನಿಡುತ್ತಿದ್ದರು. ಪೂರ್ವಜರ ಕಾರ್ಯಗಳನ್ನು ಹಾಡುಗಳಲ್ಲಿಯೂ ಬಾಯಿಪಾಠದ ಕಥನಗಳಲ್ಲಿಯೂ ಉಳಿಸಿಕೊಂಡಿದ್ದರು. ಆದುದರಿಂದ ಚಂಕಾ ಯುದ್ಧವನ್ನು ಕುರಿತ ಲಿಖಿತ ಆಧಾರಗಳೆಲ್ಲವೂ ಸ್ಪೇನಿನವರ ಆಕ್ರಮಣದ ತರುವಾಯದವು. ಇವುಗಳಲ್ಲಿ ಐದನ್ನು ಇಲ್ಲಿ ಗಮನಿಸಬೇಕು.

ಮೊದಲನೆಯದು ಹ್ವಾನ್ ದೆ ಬೆತಾನ್ಸೋಸನ ವೃತ್ತಾಂತ. ಇದರ ಬರವಣಿಗೆ ೧೫೫೧ರ ಹೊತ್ತಿಗೆ ನಡೆಯುತ್ತಿದ್ದಿತು. ಇವನ ಪ್ರಕಾರ ಯುದ್ಧದ ಹಿಂದಿನ ರಾತ್ರಿ ಸೃಷ್ಟಿಕರ್ತನಾದ ವಿರಕೋಚ ದೇವನು ರಾಜಕುಮಾರನಿಗೆ ಕಾಣಿಸಿಕೊಂಡು ಅಭಯವಿತ್ತನು. ಮರುದಿನ ಯಾರೂ ಹಿಂದೆಂದೂ ಕಂಡರಿಯದ ಇಪ್ಪತ್ತು ತುಕಡಿಗಳ ಯೋಧರು ನೆರವಿಗೆ ಬಂದರು. ಗಮನಿಸತಕ್ಕ ಅಂಶವೆಂದರೆ, ಇಲ್ಲಿ ಕಲ್ಲಿನ ಮಾತೇ ಮುಂದಿಲ್ಲ. ಬಂದವರು ಅಪರಿಚಿತರು, ಅಷ್ಟೆ.

ಎರಡನೆಯದು ೧೫೭೨ರಲ್ಲಿ ಪೆದ್ರೊ ಸಾರ್ಮಿಯೆಂತೊ ದೆ ಗಾಂಬೋವನು ಬರೆದ ಇಂಕಾ ಇತಿಹಾಸ. ದೈವಸಹಾಯದ ಜೊತೆಗೆ ಇವನು ನಗರದ ಒಂದು ಭಾಗವನ್ನು ಕಾಪಾಡಿದ ಚಾನ್ಯಾನ್ ಕುರಿಕೋಕ ಎಂಬ ವೀರಸ್ತ್ರೀಯನ್ನು ಹೆಸರಿಸುತ್ತಾನೆ. ಅವಳ ನೇತೃತ್ವದಲ್ಲಿ ಅಲ್ಲಿಯ ಜನರು ಚಂಕಾ ತುಕಡಿಯನ್ನು ಹಿಂದಕ್ಕೆ ಅಟ್ಟಿದರು.

ಮೂರನೆಯದು ಗಾರ್ಸಿಲಾಸೊ ದೆ ಲಾ ವೇಗನ ಗ್ರಂಥ. ೧೬೦೯ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. ಇವನು ೧೫೩೯ರಲ್ಲಿ ಕುಸ್ಕೊದಲ್ಲಿ ಇಂಕಾ ರಾಜವಂಶದ ತಾಯಿಗೂ ಸ್ಪೇನಿನ ತಂದೆಗೂ ಹುಟ್ಟಿದವನು. ಇವನ ಕಥನದಲ್ಲಿ ಗೆದ್ದ ರಾಜಕುಮಾರನು ಪಚಕುತಿಯೇ ಅಲ್ಲ! ಬೆತಾನ್ಸೋಸನೂ ಸಾರ್ಮಿಯೆಂತೊವೂ ಯಾವ ವಿರಕೋಚ ಇಂಕಾನನ್ನು ನಗರ ಬಿಟ್ಟುಹೋದ ಅರಸನೆಂದು ಚಿತ್ರಿಸಿದರೋ, ಅವನೇ ಇಲ್ಲಿ ವಿಜಯಿ; ನಗರ ಬಿಟ್ಟವನು ಅವನ ತಂದೆ. ಬಯಲಿನ ಕಲ್ಲುಗಳೂ ಗಿಡಗಳೂ ಮನುಷ್ಯರಾಗಿ ಹೋರಾಡಿದುವೆಂಬ ವದಂತಿ ಹರಡಿದುದನ್ನು ಗಾರ್ಸಿಲಾಸೊ ದಾಖಲಿಸುತ್ತಾನೆ. ಆದರೆ ಅದನ್ನು ತನ್ನವರು ಕಟ್ಟಿದ ಕಟ್ಟುಕಥೆಯೆಂದೇ ಎಣಿಸುತ್ತಾನೆ.

ನಾಲ್ಕನೆಯವನು ಸುಮಾರು ೧೬೧೩ರಲ್ಲಿ ಬರೆದ ಆಂಡೀಸಿನ ಮೂಲನಿವಾಸಿ ಸಾಂತಾ ಕ್ರೂಸ್ ಪಚಕುತಿ ಯಾಮ್ಕಿ. ಇವನ ಪಾಠ ಅತ್ಯಂತ ಸ್ವಾರಸ್ಯವಾದುದು. ಶತ್ರುಗಳಿಗೆ ದೂರದಿಂದ ಸೈನಿಕರಂತೆ ತೋರಲೆಂದು ದೇಗುಲದ ಅರ್ಚಕನು ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ, ಅವಕ್ಕೆ ಗುರಾಣಿ ಶಿರಸ್ತ್ರಾಣಗಳನ್ನು ತೊಡಿಸಿದ್ದನು. ಯುದ್ಧದ ವಿಷಮಗಳಿಗೆಯಲ್ಲಿ ಆ ಕಲ್ಲುಗಳೇ ಮನುಷ್ಯರಾಗಿ ಎದ್ದುವು.

ಐದನೆಯದು ಜೆಸ್ಯೂಟ್ ಪಾದ್ರಿ ಬೆರ್ನಬೆ ಕೋಬೊ ೧೬೫೩ರಲ್ಲಿ ಮುಗಿಸಿದ ಗ್ರಂಥ. ಯುದ್ಧವು ಮುಗಿದ ಮೇಲೆ ಪಚಕುತಿಯು ತನಗೆ ನೆರವಾದವರು ಕಲ್ಲಾಗಿ ನಿಂತಿರುವರೆಂದು ಸಾರಿದನು. ಅವರು ಯಾರೆಂದು ತಾನೇ ಗುರುತಿಸಿ ಬೆಟ್ಟಬಯಲುಗಳಲ್ಲಿ ಕೆಲವು ಕಲ್ಲುಗಳನ್ನು ತೋರಿಸಿದನು. ಅವುಗಳನ್ನು ಗೌರವದಿಂದ ಕುಸ್ಕೊವಿಗೆ ತಂದು ಪ್ರತಿಷ್ಠಿಸಿ ಬಲಿಯನ್ನರ್ಪಿಸಿದರು. ಮುಂದಿನ ಯುದ್ಧಗಳಲ್ಲಿ ಪುರುರೌಕರ ಹೆಸರು ಕೇಳಿಯೇ ಶತ್ರುಗಳು ಎದೆಗೆಡುತ್ತಿದ್ದರಂತೆ. ಕುಸ್ಕೊ ಸುತ್ತಲಿನ ಮುನ್ನೂರಕ್ಕೂ ಮಿಕ್ಕ ಪವಿತ್ರಸ್ಥಾನಗಳ ಪಟ್ಟಿಯೊಂದನ್ನು ಕೋಬೊ ಕೊಟ್ಟಿದ್ದಾನೆ. ಅದರಲ್ಲಿ ಪುರುರೌಕ ಶಿಲೆಗಳು ಹಲವು ಬರುತ್ತವೆ.

೩

ಈ ಐದು ಪಾಠಗಳನ್ನು ಸೇರಿಸಿ ಒಂದೇ ಕಥೆಯನ್ನಾಗಿ ಹೆಣೆಯುವುದು ಸುಲಭ; ಜನಪ್ರಿಯ ಪುಸ್ತಕಗಳೆಲ್ಲ ಮಾಡಿರುವುದು ಅದನ್ನೇ. ಆದರೆ ಪ್ರತಿಯೊಂದು ಪಾಠದ ಹಿಂದೆಯೂ ಮಾತನಾಡಿದವರು ಯಾರೆಂಬುದನ್ನು ವಿಚಾರಿಸುವುದು ಇತಿಹಾಸಕಾರನ ಮೊದಲ ಕರ್ತವ್ಯ.

ಬೆತಾನ್ಸೋಸನ ಪತ್ನಿ ದೋನ್ಯಾ ಆಂಜೆಲೀನಾ ಇಂಕಾ ರಾಜವಂಶದವಳು. ಪಚಕುತಿಯ ಸಂತತಿಯೊಡನೆ ನಿಕಟಸಂಬಂಧವುಳ್ಳವಳು. ಇಂಕಾ ಅರಸರಲ್ಲಿ ಪ್ರತಿಯೊಬ್ಬನ ಸಂತತಿಯೂ ಪನಾಕ ಎಂಬ ಪ್ರತ್ಯೇಕ ಬಳಗವಾಗಿ ಉಳಿದು, ಮೃತನಾದ ಅರಸನ ದೇಹವನ್ನು ಕಾಪಾಡುತ್ತ ಅವನ ಕೀರ್ತಿಯನ್ನು ಹಾಡುತ್ತಿದ್ದಿತು. ಬೆತಾನ್ಸೋಸನಿಗೆ ದೊರೆತದ್ದು ಪಚಕುತಿಯ ಬಳಗದ ನೆನಪು. ಆದುದರಿಂದಲೇ ಅಲ್ಲಿ ಪಚಕುತಿ ಮಹಾವೀರ, ಅವನ ತಂದೆ ಹೇಡಿ, ಅಣ್ಣ ಉರ್ಕೊ ಅಯೋಗ್ಯ. ಸಾರ್ಮಿಯೆಂತೊವನ್ನು ನೇಮಿಸಿದವನು ವೈಸರಾಯ್ ಫ್ರಾನ್ಸಿಸ್ಕೊ ದೆ ತೊಲೇದೊ. ಇಂಕಾ ಅರಸರು ಇತರರ ನೆಲವನ್ನು ಬಲಾತ್ಕಾರದಿಂದ ಕಸಿದ ದಬ್ಬಾಳಿಕೆಗಾರರೆಂದೂ ಆದಕಾರಣ ಸ್ಪೇನಿನ ಆಳ್ವಿಕೆ ನ್ಯಾಯವೆಂದೂ ಸ್ಥಾಪಿಸುವುದು ತೊಲೇದೊವಿನ ಉದ್ದೇಶ. ಗ್ರಂಥವನ್ನು ಕುಸ್ಕೊದ ರಾಜಬಳಗಗಳ ೪೨ ಮಂದಿಗೆ ಓದಿ ಕೇಳಿಸಿ ಒಪ್ಪಿಗೆ ಪಡೆದುದು ನಿಜ. ಆದರೆ ಆ ೪೨ ಮಂದಿಯೂ ಇಂಕಾ ವಂಶದವರೇ. ಗಾರ್ಸಿಲಾಸೊವಾದರೋ ೧೫೬೦ರಲ್ಲಿ ಪೆರುವನ್ನು ಬಿಟ್ಟು, ಸ್ಪೇನಿನಲ್ಲಿ ಕುಳಿತು, ತಾಯಿಯ ಕಡೆಯವರನ್ನು ವಿವೇಕಿಗಳಾದ ಪ್ರಭುಗಳೆಂದು ತೋರಿಸಲು ಬರೆದವನು.

ಇಷ್ಟು ಮಂದಿಯಲ್ಲಿ ಚಂಕಾ ಜನಾಂಗದವನು ಒಬ್ಬನಾದರೂ ಇಲ್ಲ. ಸೋತವರ ಬಾಯಿಂದ ಈ ಯುದ್ಧವನ್ನು ಯಾರೂ ಕೇಳಿ ಬರೆದಿಟ್ಟಿಲ್ಲ. ಚೋಕ್ಲೊಕೋಚ ಎಂಬ ಸರೋವರದಿಂದ ತಮ್ಮ ಪೂರ್ವಜರು ಹೊರಬಂದರೆಂಬ ಅವರ ಮೂಲಕಥೆಯ ಎಳೆಯೊಂದು ಮಾತ್ರ ವೃತ್ತಾಂತಗಳಲ್ಲಿ ಉಳಿದಿದೆ.

ಕಾಲನಿರ್ಣಯದ ವಿಷಯವೂ ಹೀಗೆಯೇ. ಪುಸ್ತಕಗಳಲ್ಲಿ ಈ ಯುದ್ಧಕ್ಕೆ ೧೪೩೮ ಎಂದು ಕಾಣುವ ವರ್ಷವು ಶಾಸನದಿಂದ ಬಂದುದಲ್ಲ. ಜಾನ್ ಹೌಲೆಂಡ್ ರೋ ಅವರು ವೃತ್ತಾಂತಗಳ ಲೆಕ್ಕವನ್ನು ಅನುಸರಿಸಿ ೧೯೪೫ರಲ್ಲಿ ಪ್ರತಿಪಾದಿಸಿದ್ದು. ಪಚಕುತಿಯ ಎಸ್ಟೇಟೆಂದು ತಿಳಿಯಲಾಗಿರುವ ಮಾಚುಪಿಚುವಿನ ಅಸ್ಥಿಗಳ ಮೇಲೆ ನಡೆದು ೨೦೨೧ರಲ್ಲಿ ಪ್ರಕಟವಾದ ರೇಡಿಯೊಕಾರ್ಬನ್ ಪರೀಕ್ಷೆಗಳು, ಆ ಸ್ಥಳದಲ್ಲಿ ಸುಮಾರು ೧೪೨೦ರಿಂದಲೇ ಜನವಸತಿಯಿದ್ದುದನ್ನು ಸೂಚಿಸಿವೆ. ಹಾಗಾದರೆ ೧೪೩೮ರಲ್ಲಿ ಪಟ್ಟವೇರಿದ ಅರಸನೊಬ್ಬನಿಂದ ಸಾಮ್ರಾಜ್ಯವು ಹಠಾತ್ತಾಗಿ ಹುಟ್ಟಿತೆಂಬ ಅಚ್ಚುಕಟ್ಟಾದ ಕಥೆ ಸಡಿಲವಾಗುತ್ತದೆ.

ಯುದ್ಧವು ನಡೆಯಿತೇ ಎಂಬ ವಿಷಯದಲ್ಲಿಯೂ ವಿದ್ವಾಂಸರಲ್ಲಿ ಏಕಮತವಿಲ್ಲ. ಪೆರುವಿನ ಮರೀಯ ರೋಸ್ತ್‌ವೊರೋವ್ಸ್ಕಿ ಅವರು ೧೯೫೩ರಲ್ಲಿ ಪ್ರಕಟಿಸಿದ ಪಚಕುತಿಯ ಚರಿತ್ರೆಯಲ್ಲಿ ಇದನ್ನು ಇತಿಹಾಸದ ಘಟನೆಯೆಂದೇ ಸಾಧಿಸಿದರು. ಫ್ರಾನ್ಸಿನ ಪಿಯೆರ್ ದ್ಯುವಿಯೋಲ್ಸ್ ಅವರು ಇದು ಚರಿತ್ರೆಯೋ ಪುರಾಣವೋ ಎಂಬ ಪ್ರಶ್ನೆಯನ್ನೆತ್ತಿ ಪುರಾಣದ ಲಕ್ಷಣಗಳಿಗೆ ಒತ್ತುಕೊಟ್ಟರು. ಚಂಕಾ ಜನರ ನೆಲವಾದ ಆಂದಾವೈಲಾಸ್ ಪ್ರದೇಶದಲ್ಲಿ ಬ್ರಯನ್ ಬಾವರ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿ ೨೦೧೦ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ಬೆಟ್ಟದ ತುದಿಗಳಲ್ಲಿ ಕಟ್ಟಿದ ಊರುಗಳು ಹಲವು ದೊರೆತುವಾದರೂ, ಒಬ್ಬನೇ ಅರಸನ ಕೆಳಗೆ ಒಗ್ಗೂಡಿದ ಮಹಾರಾಜ್ಯದ ಕುರುಹು ದೊರೆಯಲಿಲ್ಲ. ಅದೇ ಪ್ರದೇಶದ ಸಮಾಧಿಗಳಲ್ಲಿ ದೊರೆತ ತಲೆಬುರುಡೆಗಳ ಮೇಲೆ ಹೊಡೆತದ ಗಾಯಗಳೂ, ಅಂಥ ಗಾಯಗಳಿಗೆ ಬುರುಡೆಯನ್ನು ಕೊರೆದು ಮಾಡಿದ ಚಿಕಿತ್ಸೆಯ ಗುರುತುಗಳೂ ಕಂಡುಬಂದಿವೆ. ಅಂದರೆ ಇಂಕಾ ಪ್ರಾಬಲ್ಯಕ್ಕೆ ಮೊದಲೇ ಅಲ್ಲಿ ಕಲಹಗಳು ಧಾರಾಳವಾಗಿ ನಡೆಯುತ್ತಿದ್ದುವು. ಆದರೆ ವೃತ್ತಾಂತಕಾರರು ವರ್ಣಿಸುವ ಆ ಅಖಂಡ ಶತ್ರುಸಾಮ್ರಾಜ್ಯವು ಗೆದ್ದವರ ಹಾಡಿನಲ್ಲಿ ದೊಡ್ಡದಾಗಿ ಬೆಳೆದಿರಬೇಕು. ಶತ್ರುವು ದೊಡ್ಡವನಾದಷ್ಟೂ ಗೆಲವು ದೊಡ್ಡದು.

೪

ಇನ್ನು ಕಲ್ಲಿನ ವಿಚಾರ. ಆಂಡೀಸಿನ ಜನರಿಗೆ ಶಿಲೆಯು ಜಡವಸ್ತುವಾಗಿರಲಿಲ್ಲ. ಬೆಟ್ಟ, ಚಿಲುಮೆ, ಬಂಡೆ, ಪೂರ್ವಜರ ದೇಹ, ಇವುಗಳಲ್ಲಿ ಪವಿತ್ರಶಕ್ತಿಯುಳ್ಳದ್ದನ್ನೆಲ್ಲ ಅವರು ವಾಕ ಎಂಬ ಒಂದೇ ಹೆಸರಿನಿಂದ ಕರೆದರು. ವಸ್ತುವೊಂದಕ್ಕೆ ಅದರ ಶಕ್ತಿಯನ್ನೂ ಸ್ವರೂಪವನ್ನೂ ತುಂಬುವ ಕ್ರಿಯೆಗೆ ಕ್ವೆಚುವಾ ಭಾಷೆಯಲ್ಲಿ ಕಮಾಯ್ ಎಂಬ ಶಬ್ದವಿದೆ. ಹದಿನೇಳನೆಯ ಶತಮಾನದ ಆದಿಯಲ್ಲಿ ಕ್ವೆಚುವಾ ಭಾಷೆಯಲ್ಲಿಯೇ ಬರೆಯಲ್ಪಟ್ಟ ವರೊಚಿರಿ ಹಸ್ತಪ್ರತಿಯು ಈ ಭಾವನೆಯನ್ನು ತಿಳಿಯಲು ಮುಖ್ಯ ಆಧಾರ. ಕಟ್ಟಡಕ್ಕಾಗಿ ಎಳೆದು ತರುತ್ತಿದ್ದ ಮಹಾಶಿಲೆಯೊಂದು ದಾರಿಯಲ್ಲಿ ದಣಿದು ಕುಳಿತು ರಕ್ತದ ಕಣ್ಣೀರು ಸುರಿಸಿತೆಂಬ ಕಥೆಯೂ ಅವರಲ್ಲಿ ಪ್ರಚಲಿತವಾಗಿದ್ದಿತು. ಇಂಕಾ ಜನರ ಶಿಲಾದೃಷ್ಟಿಯನ್ನು ಕುರಿತು ಕ್ಯಾರೊಲಿನ್ ಡೀನ್ ಅವರು ೨೦೧೦ರಲ್ಲಿ ಪ್ರಕಟಿಸಿದ ಗ್ರಂಥವು ಈ ವಿಷಯದಲ್ಲಿ ಆಸಕ್ತರಾದವರಿಗೆ ಉಪಯುಕ್ತವಾದುದು.

ಈ ಹಿನ್ನೆಲೆಯಲ್ಲಿ ನೋಡಲಾಗಿ, ಕಲ್ಲು ಯೋಧನಾದುದು ಅವರಿಗೆ ನಿಸರ್ಗನಿಯಮದ ಭಂಗವಲ್ಲ; ಕಲ್ಲಿನಲ್ಲಿ ಅಡಗಿದ್ದುದು ಹೊರಕ್ಕೆ ಬಂದುದು ಮಾತ್ರ. ನಮ್ಮ ಕಾಲದ ಪ್ರೇಕ್ಷಕನಿಗೆ ಮಾಂತ್ರಿಕವೆಂದು ತೋರುವುದು ಅವರಿಗೆ ಅಷ್ಟೊಂದು ವಿಚಿತ್ರವಾಗಿರಲಿಲ್ಲ. ಅವರಿಗೆ ಮಹತ್ತ್ವದ್ದಾಗಿದ್ದುದು ಯುದ್ಧಾನಂತರದ ಕಾರ್ಯ: ಬಯಲಿನ ಅಸಂಖ್ಯ ಕಲ್ಲುಗಳಲ್ಲಿ ಪುರುರೌಕ ಯಾವುದೆಂದು ತೀರ್ಮಾನಿಸುವ ಅಧಿಕಾರ. ಆ ಅಧಿಕಾರವನ್ನು ಅರಸನು ತನ್ನ ಕೈಯಲ್ಲಿಟ್ಟುಕೊಂಡನು. ಕಲ್ಲಿಗೊಂದು ಹೆಸರು, ಹೆಸರಿಗೊಂದು ಸ್ಥಾನ, ಸ್ಥಾನಕ್ಕೊಂದು ಬಲಿ, ಬಲಿಗೊಂದು ಸೇವಕವರ್ಗ, ಹೀಗೆ ಒಂದು ಗೆಲವಿನ ನೆನಪು ನಗರದ ನೆಲದಲ್ಲಿಯೇ ನಾಟಿಕೊಂಡಿತು. ಯುದ್ಧವು ಒಂದು ದಿನದ್ದು. ಕಲ್ಲುಗಳ ಪೂಜೆಯಾದರೋ ಸ್ಪೇನಿನ ಪಾದ್ರಿಗಳು ಬಂದು ತಡೆಯುವವರೆಗೆ ನಡೆಯಿತು.

ಹಾಗೆಂದು ಇದನ್ನು ಅರಸನೊಬ್ಬನು ಪ್ರಜೆಗಳನ್ನು ವಂಚಿಸಿದ ಕಥೆಯೆಂದು ತಿಳಿಯುವುದೂ ಸರಿಯಲ್ಲ. ಅರಸನೂ ಅದೇ ನಂಬಿಕೆಯಲ್ಲಿ ಹುಟ್ಟಿ ಬೆಳೆದವನು. ನಂಬಿಕೆಯೂ ರಾಜನೀತಿಯೂ ಇಲ್ಲಿ ಬಿಡಿಸಲಾಗದಂತೆ ಕೂಡಿಕೊಂಡಿವೆ. ಈ ಕೂಡಿಕೆಯನ್ನು ತೋರಿಸುವುದೇ ಕಥೆಗಾರನಿಗೂ ಚಿತ್ರಕಾರನಿಗೂ ಕಠಿಣವಾದ ಕೆಲಸ.

೫

ಇದುವರೆಗೆ ಅನಿಮೇಷನ್ ಮಾಧ್ಯಮವು ಇಂಕಾ ವಸ್ತುವನ್ನು ಹೇಗೆ ನಡೆಸಿಕೊಂಡಿದೆ ಎಂಬುದನ್ನು ಮೂರು ಪ್ರಸಿದ್ಧ ಉದಾಹರಣೆಗಳಿಂದ ನೋಡಬಹುದು. ಇವುಗಳಲ್ಲಿ ಯಾವುದೂ ಪುರುರೌಕರ ಕಥೆಯನ್ನು ಹೇಳುವುದಿಲ್ಲ. ಆದರೆ ಆ ಕಥೆಯನ್ನು ಹೇಳಹೊರಡುವವನು ಯಾವ ಪರಂಪರೆಯೊಳಗೆ ಕೆಲಸ ಮಾಡಬೇಕಾಗಿದೆ ಎಂಬುದನ್ನು ಇವು ತಿಳಿಸುತ್ತವೆ.

ಮೊದಲನೆಯದು ವಾಲ್ಟ್ ಡಿಸ್ನಿ ಸಂಸ್ಥೆಯ ‘ಸಲೂದೋಸ್ ಅಮಿಗೋಸ್’. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲ್ಯಾಟಿನ್ ಅಮೆರಿಕದ ಸ್ನೇಹವನ್ನು ಸಂಪಾದಿಸಬೇಕೆಂಬ ಅಮೆರಿಕ ಸಂಯುಕ್ತ ಸಂಸ್ಥಾನಗಳ ನೀತಿಯ ಅಂಗವಾಗಿ ಡಿಸ್ನಿಯೂ ಆತನ ಕಲಾವಿದರೂ ೧೯೪೧ರಲ್ಲಿ ಆ ಖಂಡದಲ್ಲಿ ಪ್ರವಾಸ ಮಾಡಿದರು; ಅದರ ಫಲವಾಗಿ ಈ ಚಿತ್ರವು ೧೯೪೨ರಲ್ಲಿ ಹೊರಬಂದಿತು. ಇದರ ನಾಲ್ಕು ಕಿರುಭಾಗಗಳಲ್ಲಿ ಮೊದಲನೆಯದು ತಿತಿಕಾಕ ಸರೋವರದ ಭಾಗ. ಡೊನಾಲ್ಡ್ ಬಾತುಕೋಳಿಯು ಪ್ರವಾಸಿಯಾಗಿ ಬಂದು, ಎತ್ತರದ ಗಾಳಿಗೆ ತಲೆಸುತ್ತಿ, ಲಾಮಾ ಪ್ರಾಣಿಯೊಡನೆ ತೂಗುಸೇತುವೆಯ ಮೇಲೆ ಪೇಚಾಡುವುದೇ ಇದರ ಕಥೆ. ರೇಖೆ ಬಣ್ಣಗಳ ಕುಶಲತೆ ಮೆಚ್ಚತಕ್ಕದ್ದೇ. ಆದರೆ ಆ ಸೇತುವೆಯನ್ನು ಗಮನಿಸಿ. ಆಂಡೀಸಿನ ಆಳವಾದ ಕಣಿವೆಗಳ ಮೇಲೆ ಹಾಯಿಸಿದ ತೂಗುಸೇತುವೆಗಳೇ ಇಂಕಾ ಸೈನ್ಯದ ಬೆನ್ನೆಲುಬು. ಚಕ್ರವೂ ಕುದುರೆಯೂ ಕಬ್ಬಿಣವೂ ಇಲ್ಲದ ಆ ನಾಡಿನಲ್ಲಿ, ಸುಮಾರು ೩೦,೦೦೦ ಕಿಲೋಮೀಟರಿನ ರಸ್ತೆಜಾಲವನ್ನು ಜೋಡಿಸಿ, ದಂಡನ್ನೂ ಧಾನ್ಯವನ್ನೂ ಸಾಗಿಸಿದುದು ಇವುಗಳಿಂದ. ಅಪುರಿಮಾಕ್ ನದಿಯ ಮೇಲಣ ಕೇಸ್ವಾಚಾಕ ಎಂಬ ಹುಲ್ಲುಹಗ್ಗದ ಸೇತುವೆಯನ್ನು ನಾಲ್ಕು ಹಳ್ಳಿಗಳ ಜನರು ಇಂದಿಗೂ ವರ್ಷವರ್ಷವೂ ಹೊಸದಾಗಿ ನೇಯುತ್ತಾರೆ. ೨೦೧೩ರಲ್ಲಿ ಯುನೆಸ್ಕೊ ಇದನ್ನು ಮನ್ನಿಸಿತು. ಚಿತ್ರದಲ್ಲಿ ಅದು ನಗೆಗೆ ಒದಗಿದ ಸಾಮಗ್ರಿ ಮಾತ್ರ.

ಎರಡನೆಯದು ಅದೇ ಸಂಸ್ಥೆಯ ‘ದಿ ಎಂಪರರ್ಸ್ ನ್ಯೂ ಗ್ರೂವ್’ (೨೦೦೦). ‘ಕಿಂಗ್‌ಡಮ್ ಆಫ್ ದಿ ಸನ್’ ಎಂಬ ಹೆಸರಿನಿಂದ, ಗಂಭೀರವಾದ ಪೌರಾಣಿಕ ವಸ್ತುವಿನೊಡನೆ ರೋಜರ್ ಆಲರ್ಸ್ ಅವರ ನಿರ್ದೇಶನದಲ್ಲಿ ಆರಂಭವಾದ ಈ ಕೆಲಸವು ನಡುವೆ ನಿಂತು, ಮಾರ್ಕ್ ಡಿಂಡಲ್ ಅವರ ನಿರ್ದೇಶನದಲ್ಲಿ ಹಾಸ್ಯಚಿತ್ರವಾಗಿ ಪರಿಣಮಿಸಿತು. ಇಲ್ಲಿ ರಾಜಧಾನಿಯ ಹೆಸರೇ ದುರಹಂಕಾರಿ ಯುವಚಕ್ರವರ್ತಿಯೊಬ್ಬನ ಹೆಸರಾಗಿದೆ. ಅವನು ಮದ್ದಿನ ಪ್ರಭಾವದಿಂದ ಲಾಮಾ ಆಗುತ್ತಾನೆ. ಹಾಸ್ಯವಾಗಿ ಚಿತ್ರವು ಯಶಸ್ವಿಯೇ. ಆದರೆ ರೂಪಾಂತರವೆಂಬ ಭಾವನೆಯು ಇಲ್ಲಿ ಎಷ್ಟು ಹಗುರವಾಯಿತೆಂಬುದನ್ನು ನೋಡಬೇಕು. ಆಂಡೀಸಿನ ಐತಿಹ್ಯದಲ್ಲಿ ರೂಪಾಂತರವು ಸಮುದಾಯವೊಂದರ ನೆನಪನ್ನು ನೆಲದಲ್ಲಿ ಸ್ಥಿರಗೊಳಿಸುವ ವಿಧಾನ. ಇಲ್ಲಿ ಅದು ಒಬ್ಬ ವ್ಯಕ್ತಿಗೆ ಬುದ್ಧಿ ಕಲಿಸುವ ಉಪಾಯ.

ಮೂರನೆಯದು ಹ್ವಾನ್ ಆಂತೀನ್ ಅವರ ‘ಪಚಮಾಮಾ’ (೨೦೧೮). ಹಳ್ಳಿಯೊಂದರ ಬಾಲಕ ತೆಪುಲ್ಪಾಯಿಯೂ ಬಾಲಕಿ ನಾಯ್ರಾಳೂ, ತಮ್ಮ ಊರನ್ನು ಕಾಯುವ ವಾಕ ವಿಗ್ರಹವನ್ನು ಇಂಕಾ ಅಧಿಕಾರಿಯು ತೆರಿಗೆಯ ಹೆಸರಿನಲ್ಲಿ ಕೊಂಡೊಯ್ದಾಗ, ಅದನ್ನು ಹಿಂದಕ್ಕೆ ತರಲು ಕುಸ್ಕೊವಿಗೆ ಹೋಗುತ್ತಾರೆ. ಅದೇ ಕಾಲಕ್ಕೆ ಸ್ಪೇನಿನವರು ಬಂದಿಳಿಯುತ್ತಾರೆ. ಈ ಮೂರರಲ್ಲಿ ಇತಿಹಾಸದ ವಿದ್ಯಾರ್ಥಿಗೆ ಹೆಚ್ಚು ಬೆಲೆಯುಳ್ಳದ್ದು ಇದೇ ಎನ್ನದೆ ವಿಧಿಯಿಲ್ಲ. ಏಕೆಂದರೆ ಇದು ಸಾಮ್ರಾಜ್ಯವನ್ನು ಹಳ್ಳಿಯ ಕಡೆಯಿಂದ ನೋಡುತ್ತದೆ. ಕುಸ್ಕೊ ಇಲ್ಲಿ ಕಸಿದುಕೊಳ್ಳುವ ಶಕ್ತಿಯೂ ಹೌದು, ಬಳಿಕ ಕಸಿಯಲ್ಪಡುವ ನಗರವೂ ಹೌದು. ಇತರರ ವಾಕಗಳನ್ನು ಇಂಕಾ ಅರಸರು ಕುಸ್ಕೊವಿನಲ್ಲಿ ಒತ್ತೆಯಿಟ್ಟುಕೊಳ್ಳುತ್ತಿದ್ದುದು ವೃತ್ತಾಂತಗಳಿಂದ ತಿಳಿದ ಸಂಗತಿಯಷ್ಟೆ. ಅದಕ್ಕೆ ಸಮೀಪವಾದ ಸತ್ಯವನ್ನು ಈ ಚಿತ್ರವು ಮಕ್ಕಳಿಗೆ ತಿಳಿಯುವಂತೆ ಹೇಳಿದೆ. ಕೊರತೆಯೆಂದರೆ, ಆ ಹಳ್ಳಿಯು ಎಲ್ಲ ಹಳ್ಳಿಗಳ ಪ್ರತಿನಿಧಿಯಾಗಿ ನಿಲ್ಲುತ್ತದೆಯೇ ಹೊರತು, ಇಂಥ ಜನಾಂಗ, ಇಂಥ ಸೋಲು ಎಂಬ ವಿಶಿಷ್ಟತೆ ಅದಕ್ಕೆ ಒದಗುವುದಿಲ್ಲ. ವಾಂಕಾ, ಕನ್ಯಾರಿ, ಚಚಪೋಯ ಮೊದಲಾದ ಜನಾಂಗಗಳು ಇಂಕಾ ಆಳ್ವಿಕೆಯ ಮೇಲಣ ಅಸಮಾಧಾನದಿಂದ ಸ್ಪೇನಿನವರ ಪಕ್ಷ ಸೇರಿದುದು ಪೆರುವಿನ ಪತನಕ್ಕೆ ದೊಡ್ಡ ಕಾರಣಗಳಲ್ಲೊಂದು. ಒಳಿತೆಲ್ಲ ಒಂದು ಕಡೆ, ಲೋಭವೆಲ್ಲ ಇನ್ನೊಂದು ಕಡೆ ಎಂಬ ಚೌಕಟ್ಟಿನಲ್ಲಿ ಈ ಸಂಗತಿಗೆ ಎಡೆಯಿಲ್ಲ.

೬

ಹೀಗಿರಲು, ಪುರುರೌಕರ ಕಥೆಯನ್ನು ಅನಿಮೇಷನ್ ಕಿರುಚಿತ್ರವಾಗಿ ಮಾಡುವವರಿಂದ ವಿಮರ್ಶಕನು ಏನನ್ನು ಅಪೇಕ್ಷಿಸಬಹುದು? ಚಿತ್ರವೇನೂ ಸಂಶೋಧನಪ್ರಬಂಧವಲ್ಲ, ಹತ್ತು ನಿಮಿಷಗಳಲ್ಲಿ ಐದು ವೃತ್ತಾಂತಗಳ ವಿಮರ್ಶೆಯನ್ನು ಅಡಕಮಾಡಲಾಗದು, ಎಂಬ ಆಕ್ಷೇಪಣೆ ಇಲ್ಲಿ ಏಳುವುದು. ಆಕ್ಷೇಪಣೆ ನ್ಯಾಯವಾದುದೇ. ಆದರೆ ನಾವು ಕೇಳುವುದು ಅಡಿಟಿಪ್ಪಣಿಗಳನ್ನಲ್ಲ. ಕಥೆಯ ಆಯ್ಕೆಯಲ್ಲಿಯೂ ಜೋಡಣೆಯಲ್ಲಿಯೂ ವಿವೇಕವನ್ನು.

ಮೊದಲನೆಯದಾಗಿ, ಯುದ್ಧವು ಆ ನಾಡಿನ ಯುದ್ಧವಾಗಿರಬೇಕು. ಕತ್ತಿಯ ಮಿಂಚೂ ಕುದುರೆಯ ದೌಡೂ ಅಲ್ಲಿ ಸಲ್ಲವು. ಕವಣೆಯಿಂದ ಬೀರಿದ ಕಲ್ಲು, ನಕ್ಷತ್ರಾಕಾರದ ತಲೆಯುಳ್ಳ ಗದೆ, ಕಾಲಿಗೆ ತೊಡರುವ ಗುಂಡುಹಗ್ಗ, ಹತ್ತಿಯನ್ನು ತುಂಬಿ ಹೊಲಿದ ಕವಚ, ಇವೇ ಅವರ ಸಾಧನಗಳು. ಕವಣೆಯ ಕಲ್ಲು, ಗದೆಯ ಕಲ್ಲು, ಕೋಟೆಯ ಕಲ್ಲು, ಹೀಗೆ ಕಲ್ಲಿನಿಂದಲೇ ನಡೆಯುವ ಯುದ್ಧದಲ್ಲಿ ಕಲ್ಲುಗಳೇ ಯೋಧರಾದುವೆಂಬ ಕಲ್ಪನೆ ಹುಟ್ಟಿದುದರ ಔಚಿತ್ಯವು ಆಗ ನೋಡುಗನಿಗೆ ತಾನಾಗಿಯೇ ಹೊಳೆಯುವುದು.

ಎರಡನೆಯದಾಗಿ, ಅದ್ಭುತಕ್ಕೂ ಉಪಾಯಕ್ಕೂ ನಡುವಣ ಅಂತರವನ್ನು ಮುಚ್ಚಬಾರದು. ಪಚಕುತಿ ಯಾಮ್ಕಿಯ ಪಾಠವು ಚಿತ್ರಕಾರನಿಗೆ ದೊರೆತ ನಿಧಿ. ಗುರಾಣಿ ಶಿರಸ್ತ್ರಾಣಗಳನ್ನು ತೊಟ್ಟು ಸಾಲಾಗಿ ನಿಂತ ಕಲ್ಲುಗಳನ್ನು ಚಂಕಾ ಸೈನಿಕನೊಬ್ಬನು ದೂರದಿಂದ ಕಾಣುವುದನ್ನು ಊಹಿಸಿ. ಧೂಳಿನ ನಡುವೆ ಅವನಿಗೆ ಅವು ಅಲುಗಿದಂತೆ ತೋರುತ್ತವೆ. ಅಲುಗಿದುವೇ, ಅಲುಗಿದಂತೆ ತೋರಿತೇ? ಜಡವು ಚಲಿಸಿದಂತೆ ತೋರಿಸುವುದನ್ನೇ ಕಸುಬಾಗಿ ಉಳ್ಳ ಕಲೆಯು ಈ ಪ್ರಶ್ನೆಯನ್ನು ಕೇಳಬಲ್ಲಷ್ಟು ಚೆನ್ನಾಗಿ ಬರಹವೂ ಕೇಳಲಾರದು. ಬೆತಾನ್ಸೋಸನ ಅಪರಿಚಿತ ತುಕಡಿಗಳನ್ನು ಇದರ ಮಗ್ಗುಲಲ್ಲಿಟ್ಟರೆ ಇನ್ನೊಂದು ಸಂದೇಹವೂ ಏಳುತ್ತದೆ: ಗೆಲವು ಯಾರದಾಗುವುದೋ ಎಂದು ಗುಡ್ಡದ ಮೇಲೆ ಕಾದು ನಿಂತಿದ್ದ ನೆರೆಹೊರೆಯ ಜನಗಳು ಕಡೆಗಳ್ಳಿಗೆಯಲ್ಲಿ ಕುಸ್ಕೊವಿನ ಪಕ್ಷಕ್ಕೆ ಇಳಿದುಬಂದುದೇ ಕಲ್ಲುಗಳ ಕಥೆಯಾಗಿ ಪರಿಣಮಿಸಿರಬಹುದೇ? ಇದನ್ನು ಸಿದ್ಧಾಂತವೆಂದು ಹೇಳಲಾಗದು. ಆದರೆ ನೆರವಾದವರ ಹೆಸರನ್ನು ಮರೆಸಿ, ಋಣವನ್ನು ದೇವರಿಗೂ ಕಲ್ಲಿಗೂ ಸಲ್ಲಿಸುವುದರಲ್ಲಿ ಅರಸನಿಗೆ ಅನುಕೂಲವಿದ್ದಿತೆಂಬುದು ಸ್ಪಷ್ಟ.

ಮೂರನೆಯದಾಗಿ, ಚಿತ್ರವು ಗೆಲವಿನಲ್ಲಿ ಮುಗಿಯಬಾರದು. ಅರಸನು ಬಯಲಿನಲ್ಲಿ ನಡೆದು, ಇದು, ಇದು, ಅದಲ್ಲ, ಎಂದು ಕಲ್ಲುಗಳನ್ನು ಆರಿಸುವ ದೃಶ್ಯವು ಅದರಲ್ಲಿರಬೇಕು. ಆ ಬಯಲಿಗೆ ರಕ್ತದ ಬಯಲು ಎಂಬರ್ಥದ ಹೆಸರು ಬಂದಿತೆಂದೂ, ಎರಡು ಪಕ್ಷಗಳಿಂದ ೩೦,೦೦೦ಕ್ಕೂ ಹೆಚ್ಚು ಮಂದಿ ಸತ್ತರೆಂದೂ ಗಾರ್ಸಿಲಾಸೊ ಹೇಳುತ್ತಾನೆ. ಸಂಖ್ಯೆಯನ್ನು ನಂಬಬೇಕಾದುದಿಲ್ಲ. ಆದರೆ ಅಲ್ಲಿ ಸತ್ತವರಿದ್ದರು, ಅವರಿಗೆ ಕಲ್ಲಾಗುವ ಭಾಗ್ಯ ದೊರೆಯಲಿಲ್ಲ, ಎಂಬುದನ್ನು ಚಿತ್ರವು ನೆನೆಯಬೇಕು.

ನಾಲ್ಕನೆಯದಾಗಿ, ಚಂಕಾ ಜನರಿಗೆ ಮುಖವಿರಬೇಕು. ಸೋತ ಮೇಲೆ ಅವರು ಇಂಕಾ ಸೈನ್ಯದಲ್ಲಿಯೇ ಸೇರಿ ಹೋರಾಡಿದರು. ಉತ್ತರದ ದಂಡಯಾತ್ರೆಯಲ್ಲಿ ಅವರ ಪರಾಕ್ರಮವು ಕುಸ್ಕೊವಿನ ಮತ್ಸರಕ್ಕೆ ಕಾರಣವಾಯಿತೆಂದೂ, ಅವರ ನಾಯಕನು ತನ್ನವರೊಡನೆ ತಪ್ಪಿಸಿಕೊಂಡು ಪೂರ್ವದ ಕಾಡುಗಳತ್ತ ಹೋದನೆಂದೂ ಸಾರ್ಮಿಯೆಂತೊ ಮೊದಲಾದವರು ಬರೆದಿದ್ದಾರೆ. ಶತ್ರುವೆಂದರೆ ಪರದೆಯ ಅಂಚಿನಿಂದ ನುಗ್ಗುವ ಕರಿಯ ನೆರಳೆಂಬ ಅನಿಮೇಷನ್ ಚಿತ್ರಗಳ ರೂಢಿ ಇಲ್ಲಿ ಅನ್ಯಾಯವಾಗುವುದು. ಈ ಅನ್ಯಾಯವು ಹಳೆಯ ಕಾಲಕ್ಕೆ ಮಾತ್ರ ಸಂಬಂಧಿಸಿದ್ದೂ ಅಲ್ಲ. ಆಂದಾವೈಲಾಸ್ ಪ್ರದೇಶದ ಜನರು ಇಂದಿಗೂ ತಮ್ಮನ್ನು ಚಂಕಾ ಪರಂಪರೆಯವರೆಂದು ಭಾವಿಸುತ್ತಾರೆ. ಸೋಂದೋರ್ ಎಂಬ ಪ್ರಾಚೀನಸ್ಥಳದಲ್ಲಿ ಜೂನ್ ತಿಂಗಳ ಉತ್ಸವದಲ್ಲಿ ತಮ್ಮ ಪೂರ್ವಜರ ಕಥೆಯನ್ನು ಅಭಿನಯಿಸುತ್ತಾರೆ. ಅವರ ಮಕ್ಕಳೂ ಈ ಚಿತ್ರವನ್ನು ನೋಡತಕ್ಕವರೇ.

೭

ಅಧ್ಯಾಪಕರಿಗೆ ಒಂದು ಸೂಚನೆಯನ್ನು ಮಾಡಿ ಲೇಖನವನ್ನು ಮುಗಿಸಬಹುದು. ಇಂಥ ಚಿತ್ರಗಳನ್ನು ತರಗತಿಯಿಂದ ದೂರವಿಡಬೇಕೆಂಬುದು ಈ ಬರಹದ ಅಭಿಪ್ರಾಯವಲ್ಲ. ವಿದ್ಯಾರ್ಥಿಯ ಕುತೂಹಲವನ್ನು ಕೆರಳಿಸುವುದರಲ್ಲಿ ಅವುಗಳಿಗೆ ಸಮಾನವಾದ ಸಾಧನ ವಿರಳ. ಆದರೆ ಚಿತ್ರವನ್ನು ತೋರಿಸಿದ ಬಳಿಕ ಬೆತಾನ್ಸೋಸ್, ಗಾರ್ಸಿಲಾಸೊ, ಕೋಬೊ ಈ ಮೂವರ ಪಾಠಗಳ ಸಾರಾಂಶವನ್ನು ಒಂದೊಂದು ಪುಟದಲ್ಲಿ ಬರೆದು ಹಂಚಬೇಕು. ಮೂರರಲ್ಲಿ ಯುದ್ಧವನ್ನು ಗೆದ್ದ ಅರಸನು ಯಾರು, ನೆರವಿಗೆ ಬಂದವರು ಯಾರು, ಕಲ್ಲುಗಳನ್ನು ಗುರುತಿಸಿದವನು ಯಾರು, ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲವೆಂಬುದನ್ನು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳುವರು. ಅನಂತರ ನಾಲ್ಕನೆಯ ಪ್ರಶ್ನೆಯೊಂದನ್ನು ಕೇಳಬಹುದು: ಚಂಕಾ ಜನರು ಈ ಕಥೆಯನ್ನು ಹೇಳಿದ್ದರೆ ಕಲ್ಲುಗಳು ಯಾರ ಪಕ್ಷದಲ್ಲಿ ಏಳುತ್ತಿದ್ದುವು? ಇದಕ್ಕೆ ಉತ್ತರವನ್ನೀಯುವ ದಾಖಲೆ ಇಲ್ಲ. ದಾಖಲೆ ಏಕಿಲ್ಲವೆಂಬುದನ್ನು ವಿಚಾರಿಸಲು ತೊಡಗಿದ ವಿದ್ಯಾರ್ಥಿಯು ಇತಿಹಾಸವನ್ನು ಓದಲು ಆರಂಭಿಸಿದ್ದಾನೆಂದೇ ತಿಳಿಯಬಹುದು.